ಹಾಟ್ ರಾಡ್‌ಗೆ ಓವರ್‌ಡ್ರೈವ್ ಆಟೊಮ್ಯಾಟಿಕ್: ಬಾಳಿಕೆ ಬರುವ ಗೇರ್‌ಬಾಕ್ಸ್ ಆರಿಸುವುದು ಹೇಗೆ

ಡೆಟ್ರಾಯಿಟ್ ಸುತ್ತಮುತ್ತ ಇರುವ ಕೆಲವು ಕನ್ನಡದ ಗೆಳೆಯರು ಹಳೆಯ ಅಮೆರಿಕನ್ ಕಾರುಗಳ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿದ್ದರು. ಅಲ್ಲಿ ನಾನು ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೇಲೆ ಮಾಡಿದ ಲೆಕ್ಕ ಹಾಗೇ ಇದೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಕಾರು ಉದ್ಯಮದಲ್ಲೇ ಇರುವವರು, ಆಗಸ್ಟ್ ಬಂತೆಂದರೆ ವುಡ್‌ವರ್ಡ್ ಅವೆನ್ಯೂ ಪಕ್ಕ ಕುರ್ಚಿ ಹಾಕಿಕೊಂಡು ಡ್ರೀಮ್ ಕ್ರೂಸ್ ಅನ್ನುವ ಹಳೆಯ ಕಾರುಗಳ ಮೆರವಣಿಗೆ ನೋಡುವವರು. ಹಾಗಾಗಿ ಹಾಟ್ ರಾಡ್ ಅಂದರೇನು ಅಂತ ಜಾಸ್ತಿ ಹೇಳಬೇಕಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್ ಬಿಚ್ಚಿ, ಎಂಜಿನ್ ಚುರುಕು ಮಾಡಿ, ಒಣಗಿದ ಕೆರೆಯ ಬಯಲಿನಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಅದಕ್ಕೊಂದು ಸಂಘವೇ ಶುರುವಾಯಿತು. 1932ರ ಫೋರ್ಡ್ ಇವತ್ತಿಗೂ ಈ ಲೋಕದ ಮುದ್ದಿನ ಕಾರು. 1955ರಲ್ಲಿ ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಬಂದ ಮೇಲೆ ಹಳೆಯ ಕಾರಿನ ಬಾಡಿಯೊಳಗೆ ಅದೇ ಎಂಜಿನ್ ಕೂರಿಸುವುದು ಹೆಚ್ಚುಕಡಿಮೆ ರೂಢಿಯೇ ಆಯಿತು.

ನನ್ನ ಮಾತು ಎಂಜಿನ್‌ನ ಹಿಂದಿರುವ ಗೇರ್‌ಬಾಕ್ಸ್ ಬಗ್ಗೆ. ಹಾಟ್ ರಾಡ್ ಕಟ್ಟುವವರು ಎಂಜಿನ್‌ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಬಣ್ಣಕ್ಕೆ ಇನ್ನೂ ಜಾಸ್ತಿ. ಗೇರ್‌ಬಾಕ್ಸ್ ವಿಷಯಕ್ಕೆ ಬಂದಾಗ ಮಾತ್ರ "ಯಾವುದು ಗಟ್ಟಿ ಹೇಳಿ, ಅದನ್ನೇ ಹಾಕೋಣ" ಅಂತ ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಹೆಸರು ಹೇಳಿ ಕಳಿಸಿದರೆ ನಿಮಗೆ ಉಪಯೋಗವಿಲ್ಲ. ಒಂದೇ ಮಾಡೆಲ್‌ನ ಗೇರ್‌ಬಾಕ್ಸ್ ಒಬ್ಬರ ಕಾರಿನಲ್ಲಿ ವರ್ಷಗಟ್ಟಲೆ ತೊಂದರೆ ಕೊಡದೆ ಓಡುತ್ತದೆ, ಇನ್ನೊಬ್ಬರ ಕಾರಿನಲ್ಲಿ ಒಂದು ವಾರಾಂತ್ಯಕ್ಕೇ ಸುಟ್ಟುಹೋಗುತ್ತದೆ. ಯಾಕೆ ಹಾಗೆ ಅಂತ ತಿಳಿದುಕೊಂಡರೆ ಯಾವುದನ್ನು ಆರಿಸಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಮೊದಲು ಓವರ್‌ಡ್ರೈವ್ ಯಾಕೆ ಬೇಕು ಅಂತ ನೋಡೋಣ. ಒಂದು ಸುಲಭದ ಲೆಕ್ಕ ಇದೆ. ಗಂಟೆಗೆ ಎಷ್ಟು ಮೈಲಿ ಅನ್ನುವುದನ್ನು ಹಿಂದಿನ ಆಕ್ಸಲ್‌ನ ಅನುಪಾತದಿಂದ (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ, ಎಷ್ಟು ಸುತ್ತು ತಿರುಗಬೇಕು ಅನ್ನುವುದು) ಗುಣಿಸಿ, ಅದನ್ನು 336ರಿಂದ ಗುಣಿಸಿ, ಟೈರಿನ ವ್ಯಾಸ ಎಷ್ಟು ಇಂಚಿದೆಯೋ ಅದರಿಂದ ಭಾಗಿಸಿ. ಟಾಪ್ ಗೇರ್ ನೇರ, ಅಂದರೆ 1.00 ಇದ್ದರೆ ಬರುವ ಉತ್ತರವೇ ಎಂಜಿನ್‌ನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು. 28 ಇಂಚಿನ ಟೈರು, 3.73 ಆಕ್ಸಲ್, 70 ಮೈಲಿ ವೇಗ ಇಟ್ಟುಕೊಳ್ಳಿ, ಅಂದರೆ ನಮ್ಮ ಲೆಕ್ಕದಲ್ಲಿ 113 ಕಿಲೋಮೀಟರ್ ಹತ್ತಿರ. ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಹಳೆಯ ಮೂರು ಗೇರಿನ ಆಟೊಮ್ಯಾಟಿಕ್ ಟಿಎಚ್350 ಇದ್ದರೆ ಎಂಜಿನ್ ಸುಮಾರು 3130 ಸುತ್ತು ತಿರುಗುತ್ತದೆ. ಫೆಂಡರ್ ಇಲ್ಲದ, ಸೌಂಡ್ ಪ್ರೂಫಿಂಗ್ ಇಲ್ಲದ ಕಾರಿನಲ್ಲಿ ಆ ಸದ್ದಿನ ಜೊತೆ ಎರಡು ಗಂಟೆ ಕೂತರೆ ತಲೆನೋವು ಗ್ಯಾರಂಟಿ. ಅದೇ ಕಾರಿಗೆ 0.70ರ ನಾಲ್ಕನೇ ಗೇರ್ ಕೊಡಿ. 2190ಕ್ಕೆ ಇಳಿಯುತ್ತದೆ. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತಿಗಿಂತ ಜಾಸ್ತಿ ತಿರುಗುತ್ತದೆ, ಅದೇ ಓವರ್‌ಡ್ರೈವ್.

ಈ ಗೇರ್‌ಬಾಕ್ಸ್‌ಗಳನ್ನು ಹಾಟ್ ರಾಡ್‌ಗೆ ಅಂತ ಯಾರೂ ಮಾಡಿದ್ದಲ್ಲ. 1973ರ ತೈಲ ಬಿಕ್ಕಟ್ಟು, 1974ರಲ್ಲಿ ದೇಶಕ್ಕೆಲ್ಲ ಬಂದ 55 ಮೈಲಿ ವೇಗದ ಮಿತಿ, ಆಮೇಲೆ ಮೈಲೇಜ್ ಕಾನೂನು. ಇಷ್ಟೂ ಸೇರಿ ಕಂಪನಿಗಳನ್ನು ಈ ಕಡೆ ತಳ್ಳಿದವು. ಫೋರ್ಡ್‌ನ ಎಒಡಿ 1980ರಲ್ಲಿ ಬಂತು. ಜಿಎಂನ 200-4ಆರ್ 1981ರಲ್ಲಿ, 700ಆರ್4 1982ರಲ್ಲಿ. ಅಂದರೆ ಇವು ಹುಟ್ಟಿದ್ದು ಪೆಟ್ರೋಲ್ ಉಳಿಸುವುದಕ್ಕೆ, ಆ ಕಾಲದ ಸಪ್ಪೆ ಎಂಜಿನ್‌ಗಳ ಹಿಂದೆ. ಅದರ ಎರಡರಷ್ಟು ಶಕ್ತಿಯ ಎಂಜಿನ್ ಹಿಂದೆ ನಾವು ಈಗ ಅದನ್ನೇ ಕೂರಿಸುತ್ತಿದ್ದೇವೆ. ಇದು ಸದಾ ನೆನಪಿರಲಿ.

ಈಗ ಮುಖ್ಯ ವಿಷಯ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ತೆಳುವಾದ ಕ್ಲಚ್ ಪ್ಲೇಟುಗಳ ಕಟ್ಟುಗಳಿವೆ. ಆಯಿಲ್‌ನ ಒತ್ತಡ ಅವನ್ನು ಅಮುಕಿ ಹಿಡಿಯುತ್ತದೆ. ಹಿಡಿತ ಬಿಗಿಯಾಗಿದ್ದರೆ ಪ್ಲೇಟು ಜಾರುವುದಿಲ್ಲ, ಸವೆಯುವುದೂ ಕಡಿಮೆ. ಬಾವಿಯಿಂದ ತುಂಬಿದ ಕೊಡ ಎಳೆಯುವಾಗ ಹಗ್ಗವನ್ನು ಸಡಿಲವಾಗಿ ಹಿಡಿದರೆ ಹಗ್ಗ ಅಂಗೈಯಲ್ಲಿ ಸರ್ರನೆ ಜಾರಿ ಚರ್ಮ ಸುಡುತ್ತದಲ್ಲ, ಒಳಗೆ ನಡೆಯುವುದೂ ಅದೇ. ಸುಡುವುದು ಕೊಡದ ಭಾರದಿಂದಲ್ಲ, ಹಿಡಿತ ಸಾಲದೆ ಜಾರಿದ್ದರಿಂದ. "ಎಂಜಿನ್ ಪವರ್ ಜಾಸ್ತಿ ಆಯ್ತು, ಗೇರ್‌ಬಾಕ್ಸ್ ತಡೀಲಿಲ್ಲ" ಅಂತ ಜನ ಹೇಳುವ ಪ್ರಸಂಗಗಳಲ್ಲಿ ಬಹಳಷ್ಟು ಒತ್ತಡ ಕಡಿಮೆಯಾಗಿ ಜಾರಿ ಸುಟ್ಟವು, ಇಲ್ಲವೇ ಆಯಿಲ್ ಕಾದು ಕೆಟ್ಟವು. ಶಾಫ್ಟ್ ತುಂಡಾಗುವುದು ಇದ್ದೇ ಇದೆ, ಆದರೆ ಅದು ಅಪರೂಪ.

ಸುಟ್ಟ 700ಆರ್4 ಒಂದನ್ನು ಬಿಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಆಯಿಲ್ ಪ್ಯಾನ್ ಇಳಿಸುವ ಮೊದಲೇ ವಾಸನೆ ಬರುತ್ತದೆ, ಸೀದ ವಾಸನೆ. ಕೆಂಪಗಿರಬೇಕಾದ ಆಯಿಲ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಪ್ಯಾನ್ ತಳದಲ್ಲಿ ಕಪ್ಪು ಕೆಸರು, ಬೆರಳಲ್ಲಿ ತಿಕ್ಕಿದರೆ ನುಣ್ಣಗೆ ಮಸಿ ಹಾಗೆ ಹತ್ತುತ್ತದೆ. ಅದು ಕ್ಲಚ್ ಪ್ಲೇಟಿನ ಮೇಲ್ಮೈ. ಒಳಗಿನ ಡ್ರಮ್ ಈಚೆ ತೆಗೆದಾಗ ಬೇರೆ ಕ್ಲಚ್‌ಗಳು ಪರವಾಗಿಲ್ಲ ಅನ್ನುವ ಹಾಗಿದ್ದರೂ ಮೂರು-ನಾಲ್ಕನೇ ಗೇರಿನ ಕಟ್ಟು ಮಾತ್ರ ಬೋಳಾಗಿರುತ್ತದೆ, ಸ್ಟೀಲ್ ಪ್ಲೇಟುಗಳ ಮೇಲೆ ನೀಲಿ ಕಲೆಗಳು. ಈ ಗೇರ್‌ಬಾಕ್ಸಿನ ಎಲ್ಲರಿಗೂ ಗೊತ್ತಿರುವ ದುರ್ಬಲ ಜಾಗ ಅದೇ. ಇನ್ನೊಂದು ಜಾಗ ಸನ್ ಶೆಲ್ ಅನ್ನುವ ಭಾಗ, ಅದರ ಕುತ್ತಿಗೆಯ ಹತ್ತಿರ ಸೀಳುತ್ತದೆ. ಎರಡಕ್ಕೂ ಮಾರುಕಟ್ಟೆಯಲ್ಲಿ ಗಟ್ಟಿ ಭಾಗಗಳು ಸಿಗುತ್ತವೆ. ಕಟ್ಟಿಸುವಾಗ ಹಾಕಿಸದೆ ಬಿಡಬೇಡಿ.

ಒತ್ತಡ ಯಾಕೆ ಕಡಿಮೆಯಾಗುತ್ತದೆ? ಇಲ್ಲಿ ಟಿವಿ ಕೇಬಲ್ ಬರುತ್ತದೆ. ಟಿವಿ ಅಂದರೆ ಥ್ರಾಟಲ್ ವಾಲ್ವ್. ಕಾರ್ಬ್ಯುರೇಟರಿನ ಲಿವರ್‌ನಿಂದ ಗೇರ್‌ಬಾಕ್ಸ್ ಒಳಗೆ ಹೋಗುವ ಒಂದು ಸಣ್ಣ ತಂತಿ. ಹಳೆಯ ಟಿಎಚ್350ಯಲ್ಲೂ ಒಂದು ಕೇಬಲ್ ಇತ್ತು, ಅದರ ಕೆಲಸ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಗೇರ್ ಇಳಿಸುವುದಷ್ಟೇ. ಅದನ್ನು ಬಿಚ್ಚಿಟ್ಟರೂ ಕಾರು ಓಡುತ್ತಿತ್ತು. ಜನ ಅದೇ ಅಭ್ಯಾಸದಲ್ಲಿ 700ಆರ್4 ಮತ್ತು 200-4ಆರ್‌ನ ಕೇಬಲ್ಲನ್ನೂ ಸುಮ್ನೆ ಹೇಗೋ ಸಿಕ್ಕಿಸಿಬಿಡುತ್ತಾರೆ. ಇವುಗಳಲ್ಲಿ ಗೇರ್ ಯಾವಾಗ ಬೀಳಬೇಕು ಅನ್ನುವುದರ ಜೊತೆಗೆ ಒಳಗಿನ ಒತ್ತಡವನ್ನೂ ಆ ಕೇಬಲ್ಲೇ ನಿರ್ಧರಿಸುತ್ತದೆ. ನೀವು ಪೆಡಲ್ ಅರ್ಧ ಒತ್ತಿದ್ದೀರಿ, ಎಂಜಿನ್ ಎಳೆಯುತ್ತಿದೆ, ಕೇಬಲ್ ಮಾತ್ರ ಕಾಲುಭಾಗ ಎಳೆದಿದೆ ಅಂದರೆ ಗೇರ್‌ಬಾಕ್ಸ್ ನೀವು ನಿಧಾನವಾಗಿ ಹೋಗುತ್ತಿದ್ದೀರಿ ಅಂದುಕೊಂಡು ಕಡಿಮೆ ಒತ್ತಡ ಕೊಡುತ್ತದೆ. ಗೇರ್‌ಗಳು ಬೇಗ ಬೇಗ, ಬೆಣ್ಣೆಯಷ್ಟು ಮೆತ್ತಗೆ ಬೀಳುತ್ತವೆ. ಓಡಿಸುವವರಿಗೆ ಖುಷಿಯೋ ಖುಷಿ. ಒಳಗೆ ಕ್ಲಚ್ ಸುಡುತ್ತಿರುತ್ತದೆ.

ಜಿಎಂ ಕೇಬಲ್ ಸರಿಹೊಂದಿಸುವುದು ಕಷ್ಟವೇನಲ್ಲ. ಎಂಜಿನ್ ಆಫ್ ಇರಲಿ. ಕಾರ್ಬ್ಯುರೇಟರ್ ಕಡೆಯ ತುದಿಯಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದು, ಜಾರುವ ತುಂಡನ್ನು ಥ್ರಾಟಲ್ ಲಿವರ್‌ನಿಂದ ದೂರಕ್ಕೆ, ಅದು ತಡೆಯುವ ತನಕ ಹಿಂದಕ್ಕೆ ತಳ್ಳಿ. ಗುಂಡಿ ಬಿಡಿ. ಈಗ ಥ್ರಾಟಲ್ ಪೂರ್ತಿ ತೆರೆಯಿರಿ. ಟಕ್ ಟಕ್ ಅಂತ ಅದು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ಲೂ ಪೂರ್ತಿ ಎಳೆದಿರಬೇಕು, ಅದೇ ಗುರಿ. ಕೈಯಲ್ಲಿ ಲಿವರ್ ತಿರುಗಿಸಿ ಬಿಡಬೇಡಿ, ಒಳಗೆ ಒಬ್ಬರನ್ನು ಕೂರಿಸಿ ಪೆಡಲ್ ಒತ್ತಿಸಿ ನೋಡಿ. ಪೆಡಲ್ ಪೂರ್ತಿ ಒತ್ತಿದರೂ ಥ್ರಾಟಲ್ ಪೂರ್ತಿ ತೆರೆಯದ ಕಾರುಗಳು ಎಷ್ಟೋ ಇವೆ.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ಈ ಕೇಬಲ್ ಲೆಕ್ಕ ಹಾಕಿರುವುದು ಜಿಎಂನ ಕ್ವಾಡ್ರಾಜೆಟ್ ಕಾರ್ಬ್ಯುರೇಟರಿನ ಲಿವರ್ ಅಳತೆಗೆ. ನಾವು ಹಾಕುವುದು ಹೋಲಿ ಅಥವಾ ಎಡೆಲ್‌ಬ್ರಾಕ್ ಕಂಪನಿಯ ಕಾರ್ಬ್ಯುರೇಟರ್. ಅವುಗಳಲ್ಲಿ ಕೇಬಲ್ ಸಿಕ್ಕಿಸುವ ಜಾಗ ಬೇರೆ, ಲಿವರಿನ ಉದ್ದ ಬೇರೆ. ಪೂರ್ತಿ ತೆರೆದಾಗ ಸರಿಹೋದರೂ ನಡುವೆ ಎಳೆತ ಹೆಚ್ಚುಕಡಿಮೆಯಾಗುತ್ತದೆ. ಇದನ್ನು ಸರಿಮಾಡುವ ಸಣ್ಣ ಬ್ರಾಕೆಟ್, ಲಿವರ್ ಕಿಟ್‌ಗಳು ಸಿಗುತ್ತವೆ. ಗೇರ್‌ಬಾಕ್ಸಿಗೆ ಕೊಟ್ಟ ದುಡ್ಡಿನ ಮುಂದೆ ಅದು ಏನೂ ಅಲ್ಲ. ಜೊತೆಗೆ ಒಂದು ಆಯಿಲ್ ಒತ್ತಡದ ಗೇಜ್ ಸಿಕ್ಕಿಸಿ ನೋಡಿ. ಐಡಲ್‌ನಲ್ಲಿ 60 ಪಿಎಸ್‌ಐ ಆಸುಪಾಸು ಇರುವುದು, ಕೇಬಲ್ ಪೂರ್ತಿ ಎಳೆದಾಗ ಎರಡು ಪಟ್ಟಿಗೂ ಮೇಲೆ ಏರಬೇಕು. ಮುಳ್ಳು ಏರದಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ.

ಸರಿ, ಯಾವುದನ್ನು ಆರಿಸೋಣ? 700ಆರ್4ನ ಗೇರ್‌ಗಳು 3.06, 1.63, 1.00, 0.70. ಮೊದಲನೇ ಗೇರ್ ಪಿಕಪ್ ಚೆನ್ನಾಗಿದೆ. ಟಿಎಚ್350 ಜೊತೆ 4.11 ಆಕ್ಸಲ್ ಇಟ್ಟುಕೊಂಡವರಿಗೆ ಮೊದಲ ಗೇರಿನಲ್ಲಿ ಸಿಗುವ ಒಟ್ಟು ಅನುಪಾತ 10.36. 700ಆರ್4 ಹಾಕಿ ಆಕ್ಸಲ್ ಅನ್ನು 3.42ಕ್ಕೆ ಇಳಿಸಿದರೂ 10.47 ಸಿಗುತ್ತದೆ. ಅಂದರೆ ಸಿಗ್ನಲ್‌ನಲ್ಲಿ ಎದ್ದು ಹೋಗುವ ಜೋರು ಅಷ್ಟೇ, ಆದರೆ ಹೈವೇಯಲ್ಲಿ 70 ಮೈಲಿಗೆ 3450ರ ಬದಲು 2010 ಸುತ್ತು. ಇದಕ್ಕೇ ಈ ಗೇರ್‌ಬಾಕ್ಸ್ ಇಷ್ಟು ಜನಪ್ರಿಯ. ತೊಂದರೆ ಏನಂದರೆ ಮೊದಲಿಗೂ ಎರಡನೆಯದಕ್ಕೂ ನಡುವೆ ಅಂತರ ಜಾಸ್ತಿ. 5000 ಸುತ್ತಿನಲ್ಲಿ ಎರಡನೇ ಗೇರ್ ಬಿದ್ದರೆ ಎಂಜಿನ್ 2660ಕ್ಕೆ ಕುಸಿಯುತ್ತದೆ. ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ಜಾಸ್ತಿ ಹೊತ್ತು ತೆರೆದಿಡುವ ಶಾಫ್ಟ್) ಹಾಕಿದ ಎಂಜಿನ್‌ಗೆ ಆ ಕೆಳಗಿನ ಸುತ್ತಿನಲ್ಲಿ ಜೀವವೇ ಇರುವುದಿಲ್ಲ.

700ಆರ್4 ಕೊಳ್ಳುವಾಗ ವರ್ಷ ನೋಡಿ. ಮೊದಲ ವರ್ಷಗಳದ್ದು 27 ಹಲ್ಲಿನ ಇನ್‌ಪುಟ್ ಶಾಫ್ಟ್, ಅದನ್ನು ಬಿಟ್ಟುಬಿಡಿ. ಆಮೇಲೆ 30 ಹಲ್ಲಿನದು ಬಂತು. 1987ರ ಹೊತ್ತಿಗೆ ಪಂಪು, ವಾಲ್ವ್ ಬಾಡಿ ಎಲ್ಲ ಸುಧಾರಿಸಿತು. ಹಾಗಾಗಿ 1987ರಿಂದ ಈಚಿನದೇ ಬೇಕು ಅಂತ ಪಟ್ಟು ಹಿಡಿಯಿರಿ.

200-4ಆರ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. 2.74, 1.57, 1.00, 0.67. ಗೇರ್‌ಗಳ ನಡುವಿನ ಅಂತರ ಹದವಾಗಿದೆ. ಒಂದು ಟನ್ನಿನ ಆಸುಪಾಸು ತೂಗುವ ಹಗುರ ರೋಡ್‌ಸ್ಟರ್‌ಗೆ 3.06 ಮೊದಲ ಗೇರ್ ಬೇಕಾಗಿಯೇ ಇಲ್ಲ, ಸುಮ್ನೆ ಟೈರ್ ಸುಡುವುದಷ್ಟೇ. ಇನ್ನೊಂದು ಅನುಕೂಲ ಉದ್ದದ್ದು. 700ಆರ್4 ಸುಮಾರು 30.75 ಇಂಚು. 200-4ಆರ್ ಹಾಗೂ ಗಿಡ್ಡ ಬಾಲದ ಟಿಎಚ್350 ಎರಡೂ 27.7 ಇಂಚಿನ ಹತ್ತಿರ. ಟಿಎಚ್350 ಇದ್ದ ಕಾರಿಗೆ 200-4ಆರ್ ಹಾಕಿದರೆ ಇದ್ದ ಪ್ರೊಪೆಲ್ಲರ್ ಶಾಫ್ಟೇ ಸಾಕು, ಗೇರ್‌ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಮಾತ್ರ ಹಿಂದಕ್ಕೆ ಸರಿಸಬೇಕು. ತುಂಬಾ ಗೇರ್‌ಬಾಕ್ಸ್‌ಗಳ ಮುಂಭಾಗದಲ್ಲಿ ಶೆವರ್ಲೆ ಬೋಲ್ಟಿನ ತೂತೂ ಇದೆ, ಬ್ಯೂಕ್-ಓಲ್ಡ್ಸ್‌ಮೊಬೀಲ್-ಪಾಂಟಿಯಾಕ್ ತೂತೂ ಇದೆ. 1986-87ರ ಟರ್ಬೊ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಇದ್ದದ್ದು ಇದೇ, ಬಿಆರ್‌ಎಫ್ ಅನ್ನುವ ಕೋಡ್. ಆ ಕೋಡ್ ಇರುವುದಕ್ಕೆ ಜನ ಮುಗಿಬೀಳುತ್ತಾರೆ. ನೀವು ಮುಗಿಬೀಳಬೇಕಿಲ್ಲ. ಒಳ್ಳೆಯ ಕೈಯಲ್ಲಿ ಕಟ್ಟಿಸಿದರೆ ಮಾಮೂಲಿ ಫ್ಯಾಮಿಲಿ ಕಾರಿನದೂ ಚೆನ್ನಾಗೇ ಬಾಳುತ್ತದೆ. ಇದರ ಪಂಪಿನ ಒಳಗಿನ ಉಂಗುರಗಳು ಮುರಿಯುವ ಜಾತಿಯವು, ಗಟ್ಟಿ ಉಂಗುರ ಹಾಕಿಸಿ.

ಫೋರ್ಡ್ ಎಂಜಿನ್ ಇರುವವರಿಗೆ ಎಒಡಿ: 2.40, 1.47, 1.00, 0.67. ಇದರ ರಚನೆ ಬೇರೆ. ಮೂರನೇ ಗೇರಿನಲ್ಲಿ ಎಂಜಿನ್ ಶಕ್ತಿಯ ಶೇ 60ರಷ್ಟು, ನಾಲ್ಕರಲ್ಲಿ ಪೂರ್ತಿ, ಟಾರ್ಕ್ ಕನ್ವರ್ಟರಿನ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಆಯಿಲ್ ದಾಟದೆ ಒಂದು ತೆಳು ಶಾಫ್ಟ್ ಮೂಲಕ ನೇರ ಹೋಗುತ್ತದೆ. ಮೈಲೇಜಿಗೆ ಒಳ್ಳೆಯದು, ಆದರೆ ನಾಲ್ಕನೇ ಗೇರಿನಲ್ಲಿ ಪೆಡಲ್ ತುಳಿದರೆ ಆ ಶಾಫ್ಟಿಗೂ ಓವರ್‌ಡ್ರೈವ್ ಬ್ಯಾಂಡಿಗೂ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಏಟು. ಎಒಡಿಯ ಟಿವಿ ಕೇಬಲ್ ತುದಿಯಲ್ಲಿ ಒಂದು ಪುಟ್ಟ ಬುಷ್ ಇದೆ. ಅದು ಹಳೆಯದಾಗಿ ಉದುರಿ ಹೋಗಿ, ಒತ್ತಡ ಇಲ್ಲದೆ ಇಡೀ ಗೇರ್‌ಬಾಕ್ಸ್ ಸುಟ್ಟ ಕಥೆಗಳು ಬೇಕಾದಷ್ಟಿವೆ. ಹಿತ್ತಾಳೆಯದು ಸಿಗುತ್ತದೆ, ಹಾಕಿಸಿಕೊಳ್ಳಿ. ಎಲೆಕ್ಟ್ರಾನಿಕ್ ಆಗಿ ಬಂದ ಅದರ ತಮ್ಮ 4ಆರ್70ಡಬ್ಲ್ಯು ಇನ್ನೂ ಚೆನ್ನಾಗಿದೆ, ಮೊದಲ ಗೇರ್ 2.84. ಕ್ರೈಸ್ಲರ್‌ನವರು ತಮ್ಮ ಗಟ್ಟಿ ಮೂರು ಗೇರಿನ ಆಟೊಮ್ಯಾಟಿಕ್ 727ರ ಬಾಲಕ್ಕೇ ಓವರ್‌ಡ್ರೈವ್ ಜೋಡಿಸಿ ಎ518 ಮಾಡಿದರು. ಬಲವಾಗಿದೆ, ಆದರೆ ಹಿಂಭಾಗ ದಪ್ಪ, ಫ್ಲೋರ್ ಕತ್ತರಿಸದೆ ಕೂರುವುದು ಕಷ್ಟ.

ನಿಮ್ಮ ಎಂಜಿನ್ ದೊಡ್ಡದು, ಟಾರ್ಕ್ ಜಾಸ್ತಿ, ಕಾರೂ ಭಾರ ಅಂದರೆ ನೇರ ಜಿಎಂನ 4ಎಲ್80ಇ ಕಡೆ ಹೋಗಿ. 1991ರಲ್ಲಿ ಬಂದದ್ದು, 1964ರ ಟಿಎಚ್400ರ ಮೇಲೆ ಕಟ್ಟಿದ್ದು: 2.48, 1.48, 1.00, 0.75. ಇದರಲ್ಲಿ ಟಿವಿ ಕೇಬಲ್ ಇಲ್ಲ, ಒತ್ತಡವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. 700ಆರ್4ನ ಎಲೆಕ್ಟ್ರಾನಿಕ್ ರೂಪ 4ಎಲ್60ಇ ಕೂಡ ಹಾಗೇ. ಕಾರ್ಬ್ಯುರೇಟರ್ ಎಂಜಿನ್‌ಗೂ ಇವನ್ನು ಹಾಕಬಹುದು, ಬೇರೆ ಕಂಟ್ರೋಲರ್ ಬೇಕು, ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್ ಬೇಕು. "ವೈರಿಂಗ್ ಅಂದ್ರೆ ಭಯ" ಅನ್ನುವವರಿಗೆ ನನ್ನ ಮಾತು ಇಷ್ಟೇ: ಕೇಬಲ್ ಜ್ಯಾಮಿತಿ ಸರಿ ಮಾಡುವುದಕ್ಕಿಂತ ಒಂದು ಹಾರ್ನೆಸ್, ಅಂದರೆ ವೈರುಗಳ ಸಿದ್ಧ ಕಟ್ಟು, ಜೋಡಿಸುವುದು ಎಷ್ಟೋ ವಾಸಿ. ವೈರ್ ಕಳಚಿಕೊಂಡರೂ ಇವು ಪೂರ್ತಿ ಒತ್ತಡಕ್ಕೆ ಹೋಗಿ 4ಎಲ್60ಇ ಮೂರನೇ ಗೇರಿನಲ್ಲಿ, 4ಎಲ್80ಇ ಎರಡನೇ ಗೇರಿನಲ್ಲಿ ನಿಲ್ಲುತ್ತವೆ. ಮನೆ ಸೇರುವುದಕ್ಕೆ ಅಷ್ಟು ಸಾಕು.

ಆಕ್ಸಲ್ ಬಗ್ಗೆ ಒಂದು ಎಚ್ಚರಿಕೆ. ಓವರ್‌ಡ್ರೈವ್ ಹಾಕಿ ಆಕ್ಸಲ್ ಹಾಗೇ ಬಿಟ್ಟರೆ ಕೆಲವೊಮ್ಮೆ ಕೆಡುತ್ತದೆ. 3.08 ಆಕ್ಸಲ್, 0.67 ಗೇರ್ ಸೇರಿದರೆ 70 ಮೈಲಿಗೆ 1730 ಸುತ್ತು ಮಾತ್ರ. ಕ್ಯಾಮ್ ದೊಡ್ಡದಿರುವ ಎಂಜಿನ್ ಅಲ್ಲಿ ಏದುಸಿರು ಬಿಡುತ್ತದೆ, ಸಣ್ಣ ದಿಬ್ಬ ಬಂದರೂ ಗೇರ್ ಇಳಿಯುತ್ತದೆ, ಮತ್ತೆ ಏರುತ್ತದೆ. ಹಾಟ್ ರಾಡ್‌ಗೆ 3.42ರಿಂದ 3.73 ನನ್ನ ಲೆಕ್ಕದಲ್ಲಿ ಹದವಾದ ಜಾಗ.

ಇನ್ನು ಬಿಸಿ. ಈ ಕೆಲಸದವರು ಹೇಳುವ ಒಂದು ಅಂದಾಜು ಇದೆ: ಆಯಿಲ್ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿಗೆ ಅದರ ಆಯಸ್ಸು ಅರ್ಧವಾಗುತ್ತದೆ. ರೇಡಿಯೇಟರ್ ಒಳಗಿನ ಕೂಲರ್ ಜೊತೆಗೆ ಹೊರಗೆ ಇನ್ನೊಂದು ಕೂಲರ್ ಹಾಕಿ, ಗಾಳಿ ತಾಗುವ ಕಡೆ. ಪ್ಯಾನ್‌ನಲ್ಲಿ ಒಂದು ಟೆಂಪರೇಚರ್ ಸೆನ್ಸರ್ ಇರಲಿ. ಇದಕ್ಕೆ ಸೇರಿದ್ದೇ ಲಾಕಪ್. 700ಆರ್4, 200-4ಆರ್‌ನ ಟಾರ್ಕ್ ಕನ್ವರ್ಟರ್ ಒಳಗೆ ಒಂದು ಕ್ಲಚ್ ಇದೆ, ಹೈವೇಯಲ್ಲಿ ಅದು ಹಿಡಿದರೆ ಕನ್ವರ್ಟರ್ ಜಾರುವುದು ನಿಲ್ಲುತ್ತದೆ, ಆಯಿಲ್ ತಣ್ಣಗಿರುತ್ತದೆ. ಅದಕ್ಕೆ 12 ವೋಲ್ಟ್ ಬೇಕು. ಆ ವೈರನ್ನೇ ಜೋಡಿಸದೆ ಓಡಿಸುವವರು ತುಂಬಾ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಬ್ರೇಕ್ ಪೆಡಲ್ ಸ್ವಿಚ್ ಮೂಲಕ ಕರೆಂಟ್ ಬರುವ ಹಾಗಿರಲಿ, ಬ್ರೇಕ್ ತುಳಿದ ಕೂಡಲೇ ಲಾಕಪ್ ಬಿಡಬೇಕು. ಇಲ್ಲದಿದ್ದರೆ ನಿಲ್ಲಿಸುವಾಗ ಎಂಜಿನ್ ಆಫ್ ಆಗುತ್ತದೆ.

ಇಷ್ಟು ಹೇಳಿ ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಅಕ್ಕ ಕೇಳಿದರು: "ಊರೊಳಗೆ ಓಡಿಸುವಾಗ ಲಿವರ್ ಓವರ್‌ಡ್ರೈವ್‌ನಲ್ಲೇ ಇರಬೇಕಾ?" ಬೇಡ. ಸಿಗ್ನಲ್ ಸಿಗ್ನಲ್‌ಗೆ ನಿಲ್ಲುವ ಕಡೆ ಒಂದು ಗೇರ್ ಕೆಳಗಿನ ಸ್ಥಾನದಲ್ಲಿಡಿ. ಮೂರು-ನಾಲ್ಕರ ನಡುವೆ ಹೋಗಿ ಬರುವುದು ನಿಲ್ಲುತ್ತದೆ.

ಜಿಎಂನ ಆರು ಗೇರಿನ 6ಎಲ್80 ಯಾಕೆ ಬೇಡ ಅಂತ ಇನ್ನೊಬ್ಬರು. ಬೇಡ ಅಂತಿಲ್ಲ. ಎಂಜಿನ್ ಜಿಎಂನ ಈಚಿನ ಎಲ್‌ಎಸ್ ವಿ8 ಸರಣಿಯದಾಗಿದ್ದು, ಕಂಪ್ಯೂಟರ್ ಜೊತೆಗೇ ಬಂದಿದ್ದರೆ ಒಳ್ಳೆಯ ಜೋಡಿ. 1932ರ ಫ್ರೇಮಿನ ಸಂದಿಯಲ್ಲಿ ಅದು ಹಿಡಿಸುತ್ತದಾ ಅಂತ ಕೊಳ್ಳುವ ಮೊದಲು ಅಳತೆ ತೆಗೆಯಿರಿ.

ಕೊನೆಯದು ಒಬ್ಬ ಹುಡುಗನ ಪ್ರಶ್ನೆ: "ಗುಜರಿಯಿಂದ 700ಆರ್4 ತಂದು ಆಯಿಲ್ ಬದಲಿಸಿ ಹಾಗೇ ಹಾಕಬಹುದಾ ಸಾರ್?" ಪ್ಯಾನ್ ಇಳಿಸಿ ನೋಡದೆ ಹಾಕಬೇಡಪ್ಪ ಅಂದೆ. ಸ್ವಲ್ಪ ಬೂದು ಬಣ್ಣದ ಮಸಿ ಇರುವುದು ಸಹಜ. ಕಪ್ಪು ಕೆಸರು, ಲೋಹದ ಚೂರು ಕಂಡರೆ ಕಟ್ಟಿಸಲೇಬೇಕು. ಕಟ್ಟಿಸುವವರನ್ನು ಕೇಳು: ಮೂರು-ನಾಲ್ಕರ ಕ್ಲಚ್ ಯಾವುದು ಹಾಕುತ್ತೀರಿ, ಸನ್ ಶೆಲ್ ಗಟ್ಟಿಯದಾ, ಕನ್ವರ್ಟರ್ ಹೊಸದಾ. ಉತ್ತರ ಕೊಡಲು ಬೇಜಾರು ಪಟ್ಟರೆ ಬೇರೆ ಕಡೆ ಹೋಗು. ಮತ್ತೆ, ಹೊಸದಾಗಿ ಕಟ್ಟಿದ ಗೇರ್‌ಬಾಕ್ಸಿಗೆ ಹಳೆಯ ಕೂಲರ್ ಜೋಡಿಸಬೇಡ. ಮೊದಲನೆಯದು ಸುಟ್ಟಾಗ ಉದುರಿದ ಚೂರೆಲ್ಲ ಅದರ ಕೊಳವೆಗಳಲ್ಲೇ ಕೂತಿರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಕೂಲರ್ ಹೊಸದು ತಗೋ, ಪೈಪುಗಳನ್ನು ಚೆನ್ನಾಗಿ ಫ್ಲಶ್ ಮಾಡಿಸು, ಆಮೇಲೆ ಎಂಜಿನ್ ಸ್ಟಾರ್ಟ್ ಮಾಡು.